ತಮಾಗೋಚಿ: ಗುಪ್ತ ಪಾತ್ರ, ಜಪಾನ್–ಇಂಗ್ಲಿಷ್ ವ್ಯತ್ಯಾಸ, ಪೆನ್ಸಿಲ್ ಡಿಬಗ್ ಬಗ್ಗೆ ಗೊತ್ತಿರುವವರು ತಿಳಿಸಿ

ಮೊಟ್ಟೆಚಿಪ್ಪು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೂರು ತಮಾಗೋಚಿಗಳ, ಅಂದರೆ ಪುಟ್ಟ ಪರದೆಯಲ್ಲಿ ಜೀವಿಯೊಂದನ್ನು ಸಾಕುವ ಮೊಟ್ಟೆಯಾಕಾರದ ಆಟಿಕೆಗಳ ಬಗ್ಗೆ ಖಚಿತ ಮಾಹಿತಿ ಬೇಕಿದೆ. ಒಂದು ಜಪಾನಿನ ಮೊದಲ ತಲೆಮಾರಿನದು, ಸಂಗ್ರಾಹಕರು ಪಿ1 ಅನ್ನುತ್ತಾರಲ್ಲ, ಅದು. ಎರಡನೆಯದು ಅದೇ ಆಟದ 2018ರ ಇಂಗ್ಲಿಷ್ ಮರುಬಿಡುಗಡೆ. ಮೂರನೆಯದು ಇನ್‌ಫ್ರಾರೆಡ್ ಇರುವ ಕನೆಕ್ಷನ್ ಸರಣಿಯ ವಿ3. ಮೂರೂ ಕೆಲಸ ಮಾಡುತ್ತಿವೆ.

ನನ್ನ ಪ್ರಶ್ನೆಗಳು ಇವು. ಪಿ1ರಲ್ಲಿ ಗುಪ್ತ ಪಾತ್ರ ಇದೆ ಅನ್ನುತ್ತಾರೆ. ಅದನ್ನು ತರಿಸಲು ಗುಂಡಿಗಳನ್ನು ಯಾವುದಾದರೂ ಕ್ರಮದಲ್ಲಿ ಒತ್ತಬೇಕೆ? ಜಪಾನಿನ ಆವೃತ್ತಿಗೂ ಇಂಗ್ಲಿಷ್ ಆವೃತ್ತಿಗೂ ಭಾಷೆ ಬಿಟ್ಟರೆ ಬೇರೆ ಏನು ವ್ಯತ್ಯಾಸ? ಕೆಲಸದ ಹೊತ್ತಿನಲ್ಲಿ ನಿಲ್ಲಿಸಿಡುವ ದಾರಿ ಇದೆಯೆ? ಬ್ಯಾಟರಿ ಬದಲಿಸಿದರೆ ಜೀವಿ ಉಳಿಯುತ್ತದೆಯೆ? ಕೊನೆಯದಾಗಿ, ವಿ3ರ ಒಳಗಿನ ಬೋರ್ಡಿನ ಮೇಲೆ ಪೆನ್ಸಿಲ್‌ನಿಂದ ಗೀಚಿದರೆ ಡಿಬಗ್ ಮೋಡ್, ಅಂದರೆ ಪರೀಕ್ಷೆಗೆಂದು ಇರುವ ಗುಪ್ತ ಸ್ಥಿತಿ ತೆರೆಯುತ್ತದೆ ಎಂದು ಅಲ್ಲಲ್ಲಿ ಓದಿದ್ದೇನೆ. ಅದು ನಿಜವೆ, ಸುರಕ್ಷಿತವೆ?

ಈಗಿನ ಸ್ಥಿತಿ: ಇಂಗ್ಲಿಷ್ ಯಂತ್ರದಲ್ಲಿ ಶಿಸ್ತಿನ ಪಟ್ಟಿ ಪೂರ್ತಿ ತುಂಬಿದೆ, ಆರೈಕೆಯಲ್ಲಿ ಲೋಪ ಇಲ್ಲ, ಬಂದದ್ದು ಮಮೆಚ್ಚಿ ಎಂಬ ಪಾತ್ರ. ಬಿಲ್ ಎಂಬ ಗುಪ್ತ ಪಾತ್ರ ಬರಲಿಲ್ಲ.

———

ಎಂಟು_ಚಿಹ್ನೆ ಉತ್ತರಿಸಿದ್ದು:

ಪಿ1ರ ಗುಪ್ತ ಪಾತ್ರಕ್ಕೆ ಗುಂಡಿಗಳ ಕ್ರಮವೇನೂ ಇಲ್ಲ. ವಿಡಿಯೋಗಳಲ್ಲಿ ಹರಿದಾಡುವ ‘ಎ-ಎ-ಬಿ-ಸಿ’ (ಮೂರು ಗುಂಡಿಗಳಿಗೆ ಎಡದಿಂದ ಎ, ಬಿ, ಸಿ ಎಂದು ಹೆಸರು) ತರಹದ ಕೋಡ್‌ಗಳನ್ನು ನಂಬಬೇಡಿ. ಆ ಯಂತ್ರ ಪರದೆಯಲ್ಲಿ ತೋರಿಸದೆ ಒಳಗೇ ಕೆಲವು ಲೆಕ್ಕಗಳನ್ನು ಇಟ್ಟುಕೊಂಡಿರುತ್ತದೆ, ಪಾತ್ರ ನಿರ್ಧಾರವಾಗುವುದು ಆ ಲೆಕ್ಕದ ಮೇಲೆ. ನಿಮಗೆ ಬಿಲ್ ಬರದಿರಲು ಕಾರಣ ನೀವು ತುಂಬಾ ಚೆನ್ನಾಗಿ ಶಿಸ್ತು ಕಲಿಸಿದ್ದು. ವಿವರವಾಗಿ ಬರೆಯುತ್ತೇನೆ.

ಮುಖ್ಯ ಲೆಕ್ಕ ಎರಡು. ಒಂದು ಆರೈಕೆಯ ತಪ್ಪು, ಇನ್ನೊಂದು ಶಿಸ್ತು. ಹಸಿವಿನ ನಾಲ್ಕು ಹೃದಯ ಅಥವಾ ಸಂತೋಷದ ನಾಲ್ಕು ಹೃದಯ ಪೂರ್ತಿ ಖಾಲಿಯಾದಾಗ ಗಮನ ಸೆಳೆಯುವ ಚಿಹ್ನೆ, ಅಂದರೆ ಕೊನೆಯ ಎಂಟನೆಯ ಚಿಹ್ನೆ ಹೊತ್ತಿಕೊಳ್ಳುತ್ತದೆ. 15 ನಿಮಿಷದೊಳಗೆ ನೀವು ಏನೂ ಮಾಡದಿದ್ದರೆ ಚಿಹ್ನೆ ಆರಿ ಒಂದು ತಪ್ಪು ದಾಖಲಾಗುತ್ತದೆ. ಮಲಗಿದ ಮೇಲೆ ದೀಪ ಆರಿಸದೆ ಬಿಟ್ಟರೂ ಅಷ್ಟೇ. ಈ ತಪ್ಪುಗಳ ಸಂಖ್ಯೆ ಯಾವ ಪರದೆಯಲ್ಲೂ ಕಾಣುವುದಿಲ್ಲ. ಶಿಸ್ತು ಮಾತ್ರ ಪಟ್ಟಿಯಾಗಿ ಕಾಣುತ್ತದೆ, ಪ್ರತಿ ಸರಿಯಾದ ಗದರಿಕೆಗೆ ಶೇ. 25 ಏರುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಸುಳ್ಳು ಕರೆಯನ್ನು ಗುರುತಿಸುವಲ್ಲಿ. ಚಿಹ್ನೆ ಹೊತ್ತಿದ ಕೂಡಲೇ ತಕ್ಕಡಿಯ ಚಿಹ್ನೆಗೆ ಹೋಗಿ ಹೃದಯಗಳನ್ನು ನೋಡಿ. ಎರಡು ಸಾಲಿನಲ್ಲಿ ಯಾವುದಾದರೂ ಪೂರ್ತಿ ಖಾಲಿ ಇದ್ದರೆ ನಿಜವಾದ ಕರೆ. ಎರಡರಲ್ಲೂ ಒಂದಾದರೂ ಹೃದಯ ಉಳಿದಿದ್ದು, ಜೀವಿ ಎಚ್ಚರವಾಗಿದ್ದರೆ ಅದು ಹಟ, ಗದರಬೇಕಾದ ಹೊತ್ತು. ಊಟ ಬೇಡ ಅಂದಿತು ಅನ್ನುವುದನ್ನು ಮಾತ್ರ ಗುರುತಾಗಿ ಇಟ್ಟುಕೊಳ್ಳಬೇಡಿ. ಹೊಟ್ಟೆ ತುಂಬಿದ್ದರೂ ಅದು ತಲೆ ಅಲ್ಲಾಡಿಸುತ್ತದೆ. ಕಾಯಿಲೆಗೂ ಕಕ್ಕಕ್ಕೂ ಈ ಚಿಹ್ನೆ ಹೊತ್ತುವುದಿಲ್ಲ, ಅವನ್ನು ಪರದೆ ನೋಡಿಯೇ ತಿಳಿಯಬೇಕು. ತಲೆಬುರುಡೆ ಕಂಡರೆ ಸಿರಿಂಜ್, ಒಂದು ಡೋಸ್ ಸಾಲದಿದ್ದರೆ ಇನ್ನೊಂದು.

ಈಗ ಬೆಳವಣಿಗೆಯ ದಾರಿ. ಗಡಿಯಾರ ಹೊಂದಿಸಿದ 5 ನಿಮಿಷಕ್ಕೆ ಮೊಟ್ಟೆ ಒಡೆದು ಬೇಬಿಚ್ಚಿ. ಸುಮಾರು 65 ನಿಮಿಷಕ್ಕೆ ಅದು ಮಾರುಚ್ಚಿ. ಮಾರುಚ್ಚಿಯ ದಿನಗಳಲ್ಲಿ ಆರೈಕೆ ಚೆನ್ನಾಗಿದ್ದರೆ ತಮಾಚ್ಚಿ, ತಪ್ಪು ಹೆಚ್ಚಿದ್ದರೆ ಕುಚಿತಮಾಚ್ಚಿ. ತಮಾಚ್ಚಿಯಿಂದ ದೊಡ್ಡದಾಗುವಾಗ ತಪ್ಪು ಕಡಿಮೆ ಇದ್ದರೆ ಮೂರು ದಾರಿ: ಶಿಸ್ತು ಪೂರ್ತಿ ಇದ್ದರೆ ಮಮೆಚ್ಚಿ, ನಡುವೆ ಇದ್ದರೆ ಗಿಂಜಿರೋಚ್ಚಿ, ಕಡಿಮೆ ಇದ್ದರೆ ಮಸ್ಕುಚ್ಚಿ. ತಪ್ಪು ಹೆಚ್ಚಾಗಿದ್ದರೆ ಅದೇ ಏರಿಳಿತದಲ್ಲಿ ಕುಚಿಪಾಚ್ಚಿ, ನ್ಯೊರೋಚ್ಚಿ, ತಾರಾಕೋಚ್ಚಿ. ಕುಚಿತಮಾಚ್ಚಿಗೆ ಈ ಕೊನೆಯ ಮೂರು ಮಾತ್ರ ಸಿಗುತ್ತವೆ. ಅಲ್ಲಿಗೆ ಹೋದ ಮೇಲೆ ಎಷ್ಟು ಚೆನ್ನಾಗಿ ಸಾಕಿದರೂ ಮಮೆಚ್ಚಿಯೂ ಇಲ್ಲ, ಮಸ್ಕುಚ್ಚಿಯೂ ಇಲ್ಲ.

ಗುಪ್ತ ಪಾತ್ರ ಬರುವುದು ಮಸ್ಕುಚ್ಚಿಯಿಂದ ಮಾತ್ರ. ಜಪಾನಿನಲ್ಲಿ ಅದರ ಹೆಸರು ಒಯಾಜಿಚ್ಚಿ, ಇಂಗ್ಲಿಷಿನಲ್ಲಿ ಬಿಲ್. ಇದರಲ್ಲೂ ಒಂದು ಗುಟ್ಟು ಇದೆ. ನೋಡಲು ಒಂದೇ ಥರ ಇರುವ ತಮಾಚ್ಚಿ ಒಳಗೆ ಎರಡು ಬಗೆ. ಮಾರುಚ್ಚಿ ಇದ್ದಾಗಿನ ಶಿಸ್ತು ಅದು ಯಾವ ಬಗೆ ಅನ್ನುವುದನ್ನು ತೀರ್ಮಾನಿಸುತ್ತದೆ. ಆ ಘಟ್ಟದಲ್ಲಿ ಗದರದೆ ಬೆಳೆಸಿದ ಎರಡನೆಯ ಬಗೆಯ ತಮಾಚ್ಚಿಯಿಂದ ಬಂದ ಮಸ್ಕುಚ್ಚಿಗಷ್ಟೇ ಮುಂದಿನ ರೂಪ ಇದೆ. ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು: ಮಾರುಚ್ಚಿ ಮತ್ತು ತಮಾಚ್ಚಿ ಎರಡೂ ಘಟ್ಟಗಳಲ್ಲಿ ಗದರಿಕೆಯ ಚಿಹ್ನೆಯನ್ನು ಮುಟ್ಟಲೇಬೇಡಿ, ಊಟ, ಆಟ, ದೀಪ, ಶುಚಿ ಇವುಗಳಲ್ಲಿ ಒಂದೂ ಲೋಪ ಬೇಡ. ಹಟದ ಕರೆಯನ್ನು ಹಾಗೇ ಬಿಟ್ಟರೆ ಚಿಹ್ನೆ ತಾನೇ ಆರುತ್ತದೆ, ಅದು ಆರೈಕೆಯ ತಪ್ಪಾಗಿ ಲೆಕ್ಕಕ್ಕೆ ಸೇರುವುದಿಲ್ಲ. ಮಸ್ಕುಚ್ಚಿ ಬಂದ ಮೇಲೂ ಅದೇ ಶ್ರದ್ಧೆ ಇರಲಿ, ಕೆಲವು ದಿನ ಕಾಯಬೇಕಾಗುತ್ತದೆ. ಮಸ್ಕುಚ್ಚಿ ತಡವಾಗಿ, ರಾತ್ರಿ 11ಕ್ಕೆ ಮಲಗಿ ಬೆಳಗ್ಗೆ 11ಕ್ಕೆ ಏಳುತ್ತದೆ. 10 ಗಂಟೆಗೆ ಮಲಗುವ ಬೇರೆ ಪಾತ್ರಗಳ ಅಭ್ಯಾಸದಲ್ಲಿ ಇದ್ದವರು ಇದರ ದೀಪ ಆರಿಸುವುದನ್ನು ಮರೆಯುತ್ತಾರೆ.

ಸಂತೋಷದ ಹೃದಯಗಳನ್ನು ಸಿಹಿ ಕೊಟ್ಟು ತುಂಬಿಸಬೇಡಿ. ಊಟಕ್ಕೆ ತೂಕ 1 ಏರುತ್ತದೆ, ಸಿಹಿಗೆ 2. ನಾಲ್ಕು ಹೃದಯ ಸಿಹಿಯಿಂದ ತುಂಬಿದರೆ ತೂಕ 8 ಹೆಚ್ಚು. ಅದೇ ನಾಲ್ಕನ್ನು ಎಡ-ಬಲ ಆಟದಿಂದ ತುಂಬಿದರೆ ತೂಕ 4 ಕಡಿಮೆ. ಐದು ಸುತ್ತಿನಲ್ಲಿ ಮೂರು ಸರಿಯಾದರೆ ಒಂದು ಹೃದಯ. ಸೋತರೂ ತೂಕ ಇಳಿಯುತ್ತದೆ, ಆದ್ದರಿಂದ ಆಟ ಎಂದೂ ವ್ಯರ್ಥವಲ್ಲ.

———

ಕನ್ನಡಿಪರದೆ ಉತ್ತರಿಸಿದ್ದು:

ಪ್ರದೇಶವಾರು ವ್ಯತ್ಯಾಸದ ಬಗ್ಗೆ ನಾನು ಬರೆಯುತ್ತೇನೆ, ಇದರಲ್ಲಿ ತಪ್ಪು ಮಾಹಿತಿ ಬಹಳ ಓಡಾಡುತ್ತಿದೆ.

ಮೊದಲ ತಮಾಗೋಚಿ ಜಪಾನಿನಲ್ಲಿ ಬಂದದ್ದು 1996ರ ನವೆಂಬರ್ 23ರಂದು. ಬಂಡೈ ಕಂಪನಿಯ ಅಕಿ ಮೈತಾ ಮತ್ತು ವಿಜ್ ಸಂಸ್ಥೆಯ ಅಕಿಹಿರೊ ಯೊಕೊಯಿ ಇಬ್ಬರ ಹೆಸರೂ ಅದರ ಹಿಂದೆ ಇದೆ. ಅಮೆರಿಕಕ್ಕೆ ಬಂದದ್ದು 1997ರ ಮೇ ತಿಂಗಳಲ್ಲಿ. ಈ ಎರಡರ ನಡುವೆ ಆಟದ ಎಲುಬು ಬದಲಾಗಿಲ್ಲ. ಮೇಲಿನ ಉತ್ತರದಲ್ಲಿ ಹೇಳಿದ ತಪ್ಪಿನ ಲೆಕ್ಕ, ಶಿಸ್ತಿನ ಲೆಕ್ಕ ಎರಡಕ್ಕೂ ಒಂದೇ. ಬದಲಾದದ್ದು ಪಠ್ಯ, ಕೆಲವು ಚಿತ್ರ, ಗುಪ್ತ ಪಾತ್ರದ ಹೆಸರು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಸಾವು.

ಜಪಾನಿನ ಪಿ1ರಲ್ಲಿ ಜೀವಿ ಸತ್ತರೆ ಸಮಾಧಿಯ ಕಲ್ಲು ಮತ್ತು ದೆವ್ವ ಕಾಣಿಸುತ್ತವೆ. ಇಂಗ್ಲಿಷ್ ಆವೃತ್ತಿಯಲ್ಲಿ ಅದರ ಬದಲು ರೆಕ್ಕೆಯ ದೇವತೆ. ಮಕ್ಕಳ ಕೈಗೆ ಹೋಗುವ ಆಟಿಕೆಯಲ್ಲಿ ಸಮಾಧಿ ಬೇಡ ಎಂದು ಹೊರದೇಶದ ಮಾರುಕಟ್ಟೆಗೆ ತಿದ್ದಿದರು. ನನ್ನ ಮಟ್ಟಿಗೆ ಜಪಾನಿನದೇ ಸರಿ. ಆ ಆಟದ ತೂಕ ಇರುವುದೇ ಸಾವು ನಿಜ ಅನ್ನುವುದರಲ್ಲಿ. ಈ ತಿದ್ದುವ ಪದ್ಧತಿ ಇಂದಿಗೂ ಇದೆ. 2021ರ ಆರ್2-ಡಿ2 ತಮಾಗೋಚಿ ನ್ಯಾನೋದಲ್ಲಿ ಆರೈಕೆ ತಪ್ಪಿದರೆ ಸಾವೇ ಇಲ್ಲ, ಸ್ಟಾರ್ ವಾರ್ಸ್ ಚಿತ್ರದ ಜಾವಾ ಎಂಬ ಕುಳ್ಳ ಜೀವಿಗಳು ಬಂದು ಅದನ್ನು ಹೊತ್ತೊಯ್ಯುತ್ತವೆ.

ಎರಡನೆಯ ತಲೆಮಾರು, ಪಿ2, ಜಪಾನಿನಲ್ಲಿ 1997ರಲ್ಲೇ ಬಂತು. ಚಿಪ್ಪಿನ ಆಕಾರ ಒಂದೇ ಆದ್ದರಿಂದ ಮಾರುವವರೇ ಪಿ1 ಎಂದು ಹೇಳಿ ಪಿ2 ಕೊಡುವುದುಂಟು. ಗುರುತಿಸಲು ಆಟದ ಚಿಹ್ನೆ ತೆರೆಯಿರಿ. ಎಡಕ್ಕೊ ಬಲಕ್ಕೊ ತಿರುಗುತ್ತದೆ ಎಂದು ಊಹಿಸುವುದು ಪಿ1. ಮುಂದಿನ ಸಂಖ್ಯೆ ದೊಡ್ಡದೋ ಚಿಕ್ಕದೋ ಎಂದು ಊಹಿಸುವುದು ಪಿ2. 2018ರ ಮರುಬಿಡುಗಡೆಯಲ್ಲೂ ಇದೇ ಭೇದ ಉಳಿಸಿಕೊಂಡಿದ್ದಾರೆ. ಪಿ2ರ ಪಾತ್ರಗಳೇ ಬೇರೆ, ಮಮೆಚ್ಚಿಯ ಸ್ಥಾನದಲ್ಲಿ ಮಿಮಿಚ್ಚಿ. ಪಿ1ರ ಪಟ್ಟಿ ಹಿಡಿದು ಪಿ2 ಬೆಳೆಸಿದರೆ ಗೊಂದಲವೇ ಫಲ.

ಜಪಾನಿನಿಂದ ಹೊರಗೆ ಬಾರದೇ ಉಳಿದವು ಕೆಲವಿವೆ. ಮೆಸುಚ್ಚಿ ಮತ್ತು ಒಸುಚ್ಚಿ ಅಂಥ ಜೋಡಿ: ಒಂದು ಹೆಣ್ಣು, ಒಂದು ಗಂಡು, ಎರಡನ್ನೂ ಲೋಹದ ತುದಿಗಳಿಂದ ಕೂಡಿಸಿ ಮದುವೆ ಮಾಡಿಸಬೇಕು. ಒಂದನ್ನೇ ಕೊಂಡರೆ ಆಟದ ಅರ್ಧ ಭಾಗ ಮುಚ್ಚಿಯೇ ಇರುತ್ತದೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಬಿಡಿಯಾಗಿ ಬರುವುದರಿಂದ ಎಚ್ಚರ. ಕೊಳ್ಳುವ ಮುನ್ನ ಆ ತುದಿಗಳು ಹಸಿರುಗಟ್ಟಿವೆಯೇ ಎಂದು ಹತ್ತಿರದ ಫೋಟೊ ಕೇಳಿ.

ಕನೆಕ್ಷನ್ ಸರಣಿಯ ಕಥೆ ಬೇರೆ. 2004ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಅದು ತಮಾಗೋಚಿ ಪ್ಲಸ್ ಆಗಿ ಬಂತು, ಅಲ್ಲಿ ಮೊಬೈಲ್ ಫೋನಿನ ಸೈಟಿಗೆ ನಂಟು. ಅದೇ ವರ್ಷ ಅಮೆರಿಕದಲ್ಲಿ ಕನೆಕ್ಷನ್ ಹೆಸರಿನಲ್ಲಿ ಬಂತು. ಯುರೋಪಿನ ಡಬ್ಬಿಯ ಮೇಲೆ ಅದೇ ಹೆಸರಿನ ಕಾಗುಣಿತ ಬೇರೆ, ಬ್ರಿಟಿಷ್ ಶೈಲಿಯದು. ಅದನ್ನು ನೋಡಿ ಕೆಲವರು ನಕಲಿ ಅಂದುಕೊಳ್ಳುತ್ತಾರೆ, ನಕಲಿ ಅಲ್ಲ. ಪಶ್ಚಿಮದ ಯಂತ್ರಗಳಿಗೆ ಫೋನಿನ ಬದಲು ಕಂಪ್ಯೂಟರಿನ ತಮಾಟೌನ್ ಜಾಲತಾಣ. ನಿಮ್ಮ ವಿ3ರಲ್ಲಿ ಪಾಸ್‌ವರ್ಡ್ ಹಾಕುವ ಪರದೆ ಇದೆಯಲ್ಲ, ಅದು ಆ ತಾಣದಲ್ಲಿ ಸಿಗುತ್ತಿದ್ದ ಕೋಡ್‌ಗಳಿಗೆ. ಆ ತಾಣ ಈಗ ಇಲ್ಲ. ಆಟದೊಳಗಿನ ಅಂಗಡಿಯಲ್ಲಿ ಸಿಗದೆ ಕೋಡ್‌ನಿಂದಷ್ಟೇ ಬರುತ್ತಿದ್ದ ಸಾಮಾನುಗಳಿಗೆ ಅಭಿಮಾನಿಗಳು ಉಳಿಸಿಟ್ಟಿರುವ ಪಟ್ಟಿಗಳೇ ಗತಿ. ಪಟ್ಟಿಯ ತಲೆಯಲ್ಲಿ ವಿ3 ಎಂದು ಇದೆಯೇ ನೋಡಿಯೇ ಬಳಸಿ, ವಿ4, ವಿ5ರ ಕೋಡ್‌ಗಳು ಇದಕ್ಕೆ ಆಗುವುದಿಲ್ಲ.

ಬಣ್ಣದ ಪರದೆಯವು 2008ರಿಂದ ಜಪಾನಿನಲ್ಲಿ ಶುರು. ಐಡಿ, ಪೀಸ್, 4ಯು, ಮಿಕ್ಸ್ ಎಲ್ಲ ಆ ಸಾಲಿನವು. ಇಂಗ್ಲಿಷ್ ಓದುಗರಿಗೆ ಆ ಸಾಲಿನ ಬಾಗಿಲು ತೆರೆದದ್ದು 2019ರ ತಮಾಗೋಚಿ ಆನ್‌ನಿಂದ, ಅದು ಜಪಾನಿನ 2018ರ ಮೀಟ್ಸ್‌ನ ಹೊರದೇಶದ ರೂಪ. ಜಪಾನಿನ ಬಣ್ಣದ ಯಂತ್ರ ಕೊಳ್ಳುವ ಮನಸ್ಸಿದ್ದರೆ ಮೊದಲು ಹಿರಗಾನ, ಕಟಕಾನ ಅಕ್ಷರಗಳನ್ನು ಕಲಿಯಿರಿ. ಮಕ್ಕಳ ಆಟಿಕೆಯಾದ್ದರಿಂದ ಪಠ್ಯದ ಬಹುಪಾಲು ಆ ಎರಡರಲ್ಲೇ ಇದೆ. ಫೋನಿನ ಕ್ಯಾಮೆರಾ ಅನುವಾದ ಆ ಚುಕ್ಕಿ ಅಕ್ಷರಗಳನ್ನು ಪದೇ ಪದೇ ತಪ್ಪಾಗಿ ಓದುತ್ತದೆ.

———

ಬೆಸುಗೆಕಡ್ಡಿ ಉತ್ತರಿಸಿದ್ದು:

ಬ್ಯಾಟರಿ, ನಿಲ್ಲಿಸಿಡುವುದು, ಪೆನ್ಸಿಲ್ ಈ ಮೂರಕ್ಕೆ ನನ್ನ ಉತ್ತರ.

ನಿಲ್ಲಿಸಿಡಲು: ಪಿ1ರಲ್ಲಿ ಬಿ ಒತ್ತಿ ಗಡಿಯಾರಕ್ಕೆ ಹೋಗಿ, ಅಲ್ಲಿ ಎ ಮತ್ತು ಸಿ ಒಟ್ಟಿಗೆ ಒತ್ತಿ. ಗಡಿಯಾರ ಹೊಂದಿಸುವ ಪರದೆ ಬರುತ್ತದೆ. ಅದನ್ನು ಮುಗಿಸದೆ ಹಾಗೇ ಬಿಟ್ಟರೆ ಜೀವಿಯ ಕಾಲ ನಿಂತಿರುತ್ತದೆ, ಹೃದಯ ಖಾಲಿಯಾಗುವುದಿಲ್ಲ, ವಯಸ್ಸೂ ಏರುವುದಿಲ್ಲ. ಮತ್ತೆ ಆಡುವಾಗ ಆಗಿನ ಸರಿಯಾದ ಸಮಯ ಹೊಂದಿಸಿ ಹೊರಬನ್ನಿ. ನಿಲ್ಲಿಸಿದ್ದ ಹಳೆಯ ಸಮಯವನ್ನೇ ಬಿಟ್ಟು ಬಂದರೆ ಮಲಗುವ ಹೊತ್ತು ಹಿಂದೆ ಮುಂದೆ ಆಗಿ, ನಡುರಾತ್ರಿ ದೀಪದ ಕರೆ ಬಂದು ತಪ್ಪು ದಾಖಲಾಗುತ್ತದೆ. ಜೀವಿಯ ಮುಖ್ಯ ಪರದೆಯಲ್ಲಿ ಇದೇ ಎ ಮತ್ತು ಸಿ ಒಟ್ಟಿಗೆ ಒತ್ತಿದರೆ ಶಬ್ದ ಬಂದ್ ಅಥವಾ ಚಾಲೂ. ಎರಡು ಪರದೆ, ಎರಡು ಕೆಲಸ, ಬೆರೆಸಬೇಡಿ.

ಬ್ಯಾಟರಿ: ಹಳೆಯ ಪಿ1ಕ್ಕೆ ಎರಡು ಎಲ್ಆರ್44. 2018ರದಕ್ಕೆ ಒಂದು ಸಿಆರ್2032. ವಿ3ಕ್ಕೂ ಒಂದು ಸಿಆರ್2032. ಒಂದೂವರೆ ವೋಲ್ಟಿನ ಎರಡು ಸಾಲಾಗಿ ಸೇರಿದರೂ ಮೂರು ವೋಲ್ಟ್, ಸಿಆರ್2032 ಒಂದೇ ಆದರೂ ಮೂರು ವೋಲ್ಟ್. ಎಲ್ಆರ್44 ಬದಲು ಎಸ್ಆರ್44 ಸಿಕ್ಕರೆ ಅದನ್ನೇ ಹಾಕಿ. ಅದು ಸಿಲ್ವರ್ ಆಕ್ಸೈಡ್, 1.55 ವೋಲ್ಟ್ ಕೊನೆಯವರೆಗೂ ಹೆಚ್ಚು ಕಡಿಮೆ ಹಾಗೇ ನಿಲ್ಲುತ್ತದೆ. ಅಲ್ಕಲೈನ್ ಎಲ್ಆರ್44ರ ವೋಲ್ಟೇಜ್ ಬಳಸಿದಂತೆ ಇಳಿಯುತ್ತಾ ಹೋಗುತ್ತದೆ, ಪರದೆ ಮಂಕಾಗುತ್ತದೆ, ಬೀಪ್ ಬಂದ ಕ್ಷಣಕ್ಕೆ ಎಳೆಯುವ ಕರೆಂಟಿಗೆ ಕುಸಿದು ಯಂತ್ರ ತಾನೇ ರಿಸೆಟ್ ಆಗುವುದೂ ಉಂಟು. ಪರದೆ ಮಂಕಾಗಿದ್ದರೆ ಮೊದಲು ಶಬ್ದ ಬಂದ್ ಮಾಡಿ, ಆಮೇಲೆ ಬ್ಯಾಟರಿಯ ಯೋಚನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡೂ ಸಿಗುತ್ತವೆ. ಎಜಿ13 ಅಂದರೂ ಎಲ್ಆರ್44 ಗಾತ್ರವೇ, 357 ಅಂದರೆ ಎಸ್ಆರ್44. ಮಲ್ಟಿಮೀಟರ್ ಇದ್ದರೆ ಅಂಗಡಿಯಲ್ಲೇ ಅಳೆಯಿರಿ. ಹೊಸ ಅಲ್ಕಲೈನ್ 1.5ಕ್ಕಿಂತ ಕೆಳಗೆ ತೋರಿಸಿದರೆ ಹಳೆಯ ದಾಸ್ತಾನು.

ಜೀವಿ ಉಳಿಯುತ್ತದೆಯೇ ಅನ್ನುವುದಕ್ಕೆ: ಪಿ1ರಲ್ಲೂ 2018ರದರಲ್ಲೂ ಉಳಿಯುವುದಿಲ್ಲ. ಪಿ1ರ ಒಳಗಿರುವುದು ಎಪ್ಸನ್‌ನ ಇ0ಸಿ6ಎಸ್46 ಎಂಬ 4 ಬಿಟ್ ಚಿಪ್, 32.768 ಕಿಲೋಹರ್ಟ್ಸ್ ವೇಗದ್ದು. ಜೀವಿಯ ಎಲ್ಲ ಲೆಕ್ಕ ಅದರ ರ‍್ಯಾಮ್‌ನಲ್ಲಿ ಇರುತ್ತದೆ, ಕರೆಂಟ್ ಹೋದರೆ ಲೆಕ್ಕ ಹೋಯಿತು. ವಿ3ರಲ್ಲಿ ಕರೆಂಟ್ ಹೋದರೂ ಮಾಹಿತಿ ಉಳಿಸಿಕೊಳ್ಳುವ ಪ್ರತ್ಯೇಕ ಮೆಮೊರಿ, ಇಇಪ್ರಾಮ್, ಇದೆ. ಬ್ಯಾಟರಿ ಬದಲಿಸಿ, ಹಿಂಬದಿಯ ಸಣ್ಣ ತೂತಿನ ರಿಸೆಟ್ ಒತ್ತಿದಾಗ ರಿಸೆಟ್ ಬೇಕೋ ಡೌನ್‌ಲೋಡ್ ಬೇಕೋ ಎಂದು ಕೇಳುತ್ತದೆ. ಡೌನ್‌ಲೋಡ್ ಆರಿಸಿ. ಅವಸರದಲ್ಲಿ ರಿಸೆಟ್ ಒತ್ತಿದರೆ ಉಳಿಸಿದ್ದೂ ಹೋಗುತ್ತದೆ. ಡೌನ್‌ಲೋಡ್ ಆದ ಮೇಲೆ ಗಡಿಯಾರ ಮತ್ತೆ ಹೊಂದಿಸಬೇಕು.

ಪಿ1ರಲ್ಲಿ ಜೀವಿ ಉಳಿಸಿಕೊಂಡೇ ಬ್ಯಾಟರಿ ಬದಲಿಸಬೇಕಿದ್ದರೆ ಹೊರಗಿನಿಂದ ಮೂರು ವೋಲ್ಟ್ ಕೊಡುತ್ತಾ ಬದಲಿಸಬೇಕು. ಒಂದು ಸಿಆರ್2032 ಹೋಲ್ಡರ್, ಎರಡು ತೆಳು ತಂತಿ, ಎರಡು ಪುಟ್ಟ ಕೊಕ್ಕೆ ಕ್ಲಿಪ್ ಸಾಕು. ಎರಡು ಬಟನ್ ಸೆಲ್‌ಗಳನ್ನು ಒಂದಕ್ಕೊಂದು ಸೇರಿಸುವ ನಡುವಿನ ಪಟ್ಟಿಯನ್ನು ಮುಟ್ಟಬೇಡಿ. ಸಾಲಿನ ಎರಡು ಕೊನೆಗಳು, ಅಂದರೆ ಬೋರ್ಡಿಗೆ ಹೋಗುವ ಪ್ಲಸ್ ಮತ್ತು ಮೈನಸ್ ಲೋಹದ ಎಲೆಗಳಿಗೆ ಕ್ಲಿಪ್ ಹಾಕಿ. ಮೀಟರಿನಿಂದ ಧ್ರುವ ಎರಡು ಸಲ ನೋಡಿ. ಕ್ಲಿಪ್ ಹಾಕಿದ ಕೂಡಲೇ ಹಳೆಯ ಸೆಲ್ ತೆಗೆಯಿರಿ. ಹೊಸ ಲಿಥಿಯಂ ಸೆಲ್ಲಿನ ಕರೆಂಟು ಸೊರಗಿದ ಸೆಲ್‌ಗಳೊಳಗೆ ಹರಿಯುವುದರಿಂದ ಎರಡನ್ನೂ ಜತೆಗೆ ಬಹಳ ಹೊತ್ತು ಬಿಡಬಾರದು. ಹೊಸವನ್ನು ಕೂರಿಸಿ, ಆಮೇಲೆ ಕ್ಲಿಪ್ ಬಿಡಿಸಿ. ಕೈ ನಡುಗಿ ಕ್ಲಿಪ್ ಜಾರಿದರೆ ಎಲ್ಲ ಮುಗಿಯಿತು, ಆದ್ದರಿಂದ ಚಿಪ್ಪನ್ನು ಬಟ್ಟೆಯ ಮೇಲೆ ಅಲ್ಲಾಡದಂತೆ ಇಟ್ಟುಕೊಳ್ಳಿ.

ಹೊಸ ಸಿಆರ್2032 ಹಾಕಿದರೂ ಯಂತ್ರ ಏಳದಿದ್ದರೆ ಸೆಲ್ಲಿನ ಮೇಲಿನ ಕಹಿ ಲೇಪನವನ್ನು ಅನುಮಾನಿಸಿ. ಮಕ್ಕಳು ನುಂಗದಿರಲಿ ಎಂದು ಕೆಲವು ಕಂಪನಿಗಳು ಹಾಕುವ ಆ ಪದರ ಕೆಲವು ಆಟಿಕೆಗಳಲ್ಲಿ ಸಂಪರ್ಕ ತಡೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಸೆಲ್ಲಿನ ಎರಡೂ ಮೈ ಒರೆಸಿ ಹಾಕಿ.

ಪೆನ್ಸಿಲ್ ವಿಚಾರ ನಿಜ. ಕನೆಕ್ಷನ್ ಸರಣಿಯ ಕೆಲವು ಬೋರ್ಡ್‌ಗಳಲ್ಲಿ ಕಾರ್ಖಾನೆಯ ಪರೀಕ್ಷೆಗೆಂದು ಬಿಟ್ಟ ಒಂದು ಜೋಡಿ ತೆರೆದ ಬಿಂದು ಇರುತ್ತದೆ. ಪೆನ್ಸಿಲ್ಲಿನ ಗ್ರಾಫೈಟ್ ವಿದ್ಯುತ್ ಹರಿಸುತ್ತದೆ, ಆ ಎರಡು ಬಿಂದುವನ್ನು ಗೀಚಿ ಸೇರಿಸಿದರೆ ಚಿಪ್ ತಾನು ಪರೀಕ್ಷೆಯ ಮೇಜಿನ ಮೇಲಿದ್ದೇನೆ ಅಂದುಕೊಳ್ಳುತ್ತದೆ. ಆಗ ಬೆಳವಣಿಗೆಯನ್ನೂ ಆಟದೊಳಗಿನ ಹಣವಾದ ಗೋಚಿ ಪಾಯಿಂಟ್‌ಗಳನ್ನೂ ಗುಂಡಿ ಒತ್ತಿಯೇ ಏರಿಸಬಹುದು. ಮಾಡುವ ಕ್ರಮ ಹೀಗೆ. ಬ್ಯಾಟರಿ ತೆಗೆಯಿರಿ. ಚಿಪ್ಪು ಬಿಚ್ಚಿ ಬೋರ್ಡಿನ ಮೇಲೆ ಮುದ್ರಿಸಿದ ಸಂಖ್ಯೆ ಓದಿ, ಅದೇ ಸಂಖ್ಯೆಯ ಬೋರ್ಡಿನ ಫೋಟೊ ಸಿಕ್ಕಿದರೆ ಮಾತ್ರ ಮುಂದಕ್ಕೆ ಹೋಗಿ. ವಿ3ರ ಫೋಟೊ ನೋಡಿ ವಿ4ರಲ್ಲಿ ಗೀಚುವುದು, ಅಂದಾಜಿನಲ್ಲಿ ಯಾವುದೋ ಎರಡು ಬಿಂದು ಸೇರಿಸುವುದು ಇವೆರಡೇ ಯಂತ್ರ ಕೆಡಿಸುವ ದಾರಿ. 4ಬಿ ಅಥವಾ 6ಬಿ ಪೆನ್ಸಿಲ್ ಬಳಸಿ, ಎಚ್‌ಬಿಯಲ್ಲಿ ಜೇಡಿಮಣ್ಣಿನ ಪಾಲು ಹೆಚ್ಚು, ಸಾಕಷ್ಟು ಹರಿಯುವುದಿಲ್ಲ. ದಟ್ಟವಾಗಿ, ಆ ಎರಡು ಬಿಂದು ಬಿಟ್ಟು ಪಕ್ಕಕ್ಕೆ ಹರಡದಂತೆ ಗೀಚಿ. ಪುಡಿ ಊದಿ ತೆಗೆದು, ಬ್ಯಾಟರಿ ಹಾಕಿ ರಿಸೆಟ್ ಒತ್ತಿ. ಬೇಡ ಅನಿಸಿದಾಗ ಆಲ್ಕೊಹಾಲ್ ಹತ್ತಿಯಿಂದ ಪೂರ್ತಿ ಒರೆಸಿ ಒಣಗಲು ಬಿಡಿ. ಬೆಸುಗೆ ಹಾಕಬೇಡಿ. ಪೆನ್ಸಿಲ್ಲಿನ ಗುಣವೇ ಅಳಿಸಬಹುದು ಅನ್ನುವುದು.

ಬೋರ್ಡ್ ಬಿಚ್ಚಿದಾಗ ಪರದೆಯ ಕೆಳಗಿನ ರಬ್ಬರ್ ಪಟ್ಟಿಯ ಮೇಲೆ ಗಮನವಿರಲಿ. ಕಪ್ಪು ಗೆರೆಗಳ ಆ ಜೀಬ್ರಾ ಪಟ್ಟಿಯೇ ಬೋರ್ಡಿನಿಂದ ಪರದೆಗೆ ಸಂಕೇತ ಒಯ್ಯುವುದು. ಅದು ಕೂದಲೆಳೆಯಷ್ಟು ಸರಿದರೂ ಪರದೆಯಲ್ಲಿ ಸಾಲುಗಳು ಕಾಣೆಯಾಗುತ್ತವೆ. ಆಗ ಪರದೆ ಕೆಟ್ಟಿತು ಎಂದು ಎಸೆಯಬೇಡಿ. ಪಟ್ಟಿಯನ್ನು ಆಲ್ಕೊಹಾಲಿನಿಂದ ಒರೆಸಿ, ನೇರ ಕೂರಿಸಿ, ಸ್ಕ್ರೂಗಳನ್ನು ಕರ್ಣವಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

———

ಮೊಟ್ಟೆಚಿಪ್ಪು:

ಮೂವರಿಗೂ ಧನ್ಯವಾದ, ಬಿಲ್ ಯಾಕೆ ಬರಲಿಲ್ಲ ಎಂಬುದು ಈಗ ಅರ್ಥವಾಯಿತು. ಇನ್ನೆರಡು ಸಂದೇಹ. ಜಪಾನಿನ ಪಿ1ರ ಬ್ಯಾಟರಿ ಎಲೆಗಳ ಮೇಲೆ ಬಿಳಿ ಪುಡಿ ಕಟ್ಟಿದೆ, ಹೇಗೆ ತೆಗೆಯುವುದು? ಮತ್ತೆ, ಜಾತ್ರೆಯ ಅಂಗಡಿಗಳಲ್ಲಿ ‘168 ಇನ್ 1’ ಎಂದು ಬರೆದ ಮೊಟ್ಟೆ ಆಟಿಕೆ ಸಿಗುತ್ತವಲ್ಲ, ಅವುಗಳಲ್ಲೂ ಗುಪ್ತ ಪಾತ್ರ ಇರುತ್ತದೆಯೆ?

———

ಕರಾವಳಿ_ಸಂಗ್ರಹ ಉತ್ತರಿಸಿದ್ದು:

ಬಿಳಿ ಪುಡಿ ಅಲ್ಕಲೈನ್ ಸೆಲ್ ಸೋರಿದ್ದರ ಗುರುತು. ಒಳಗಿನಿಂದ ಬಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಗಾಳಿ ಸೇರಿ ಹಾಗಾಗುತ್ತದೆ. ಅದು ಕ್ಷಾರ, ಆದ್ದರಿಂದ ಆಮ್ಲವೇ ಮದ್ದು: ಬಿಳಿ ವಿನೆಗರ್ ಅಥವಾ ಸೋಸಿದ ನಿಂಬೆರಸ. ಕಿವಿಗೆ ಹಾಕುವ ಹತ್ತಿ ಕಡ್ಡಿಯ ತುದಿಯಲ್ಲಿ ಒಂದೇ ಹನಿ, ಎಲೆಯ ಮೇಲೆ ಮಾತ್ರ ಒತ್ತಿ. ನೊರೆ ನಿಂತ ಮೇಲೆ ಇನ್ನೊಂದು ಕಡ್ಡಿಯಿಂದ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಆಮ್ಲ ಅಲ್ಲೇ ಉಳಿದರೆ ಅದೂ ಲೋಹವನ್ನು ತಿನ್ನುತ್ತದೆ, ಅದಕ್ಕೇ ನೀರಿನ ಒರೆಸು ಬಿಡಬಾರದು. ಹಸಿರು ಕಲೆ ಹೋಗದಿದ್ದರೆ ಗಾಜಿನ ನಾರಿನ ಕಡ್ಡಿಯಿಂದ ಹಗುರವಾಗಿ ಕೆರೆಯಿರಿ. ಉಪ್ಪುಕಾಗದದಿಂದ ತಿಕ್ಕಿದರೆ ನಿಕ್ಕಲ್ ಲೇಪ ಕಿತ್ತುಹೋಗಿ ಬೇಗ ತುಕ್ಕು ಹಿಡಿಯುತ್ತದೆ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಆಡದ ಯಂತ್ರದಲ್ಲಿ ಒಂದು ದಿನವೂ ಬ್ಯಾಟರಿ ಬಿಡಬೇಡಿ. ನಮ್ಮ ತೇವಕ್ಕೆ ಎಲೆಗಳು ಬೇಗ ಕೆಡುತ್ತವೆ. ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಟ್ಟರೆ ಚಿಪ್ಪೂ ಪರದೆಯೂ ಚೆನ್ನಾಗಿರುತ್ತವೆ. ಜೆಲ್‌ನ ಬಣ್ಣ ಬದಲಾದಾಗ ಒಣಗಿಸಿ ಹಾಕಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಗಟ್ಟಿಯಾಗಿ ಹೇಳಲೇಬೇಕು. ಸಿಆರ್2032 20 ಮಿಲಿಮೀಟರ್ ಅಗಲದ್ದು, ಮಗುವಿನ ಅನ್ನನಾಳದಲ್ಲಿ ಸರಿಯಾಗಿ ಸಿಕ್ಕಿಕೊಳ್ಳುವ ಗಾತ್ರ. ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡಲು ಶುರುವಾಗಬಹುದು. ನುಂಗಿದ ಅನುಮಾನ ಬಂದರೆ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ. ಬ್ಯಾಟರಿ ಮುಚ್ಚಳದ ಸ್ಕ್ರೂ ಕಳೆದ ಯಂತ್ರವನ್ನು ಮಗುವಿನ ಕೈಗೆ ಕೊಡಲೇಬಾರದು.

———

ಎಂಟು_ಚಿಹ್ನೆ:

ಜಾತ್ರೆಯ ‘168 ಇನ್ 1’ ಬಗ್ಗೆ. ಅದು ಬಂಡೈ ಮಾಡಿದ್ದಲ್ಲ, ಚೀನಾದಲ್ಲಿ ತಯಾರಾಗುವ ಹೆಸರಿಲ್ಲದ ಆಟಿಕೆ. ಹೆಸರೇ ಹೇಳುವಂತೆ ಅಲ್ಲಿ ಪ್ರಾಣಿಗಳನ್ನು ಮೊದಲೇ ಪಟ್ಟಿಯಿಂದ ಆರಿಸಿಕೊಳ್ಳುತ್ತೀರಿ. ತಮಾಗೋಚಿಯಲ್ಲಿ ಆರೈಕೆಯೇ ರೂಪವನ್ನು ತೀರ್ಮಾನಿಸುತ್ತದೆ, ಇದರಲ್ಲಿ ಆಯ್ಕೆ ಶುರುವಿನಲ್ಲೇ ಮುಗಿದಿರುತ್ತದೆ. ಹಾಗಾಗಿ ಮಸ್ಕುಚ್ಚಿ–ಬಿಲ್ ತರಹದ ದಾರಿ ಅದರಲ್ಲಿ ಹುಡುಕುವುದು ವ್ಯರ್ಥ. ಒಳಗೆ ಚಿಪ್ ಮೇಲೆ ಕಪ್ಪು ಎಪಾಕ್ಸಿ ಬೊಟ್ಟು ಇಟ್ಟಿರುವುದರಿಂದ ಯಾವ ಚಿಪ್ ಎಂದು ಓದಲೂ ಆಗದು. ಬ್ಯಾಟರಿ ತೆಗೆದರೆ ಎಲ್ಲ ಅಳಿಯುತ್ತದೆ. ಮಗುವಿಗೆ ಮೊದಲ ಅಭ್ಯಾಸಕ್ಕೆ, ಕಡಿಮೆ ಬೆಲೆಗೆ, ಅದು ಅಡ್ಡಿಯಿಲ್ಲ. ತಮಾಗೋಚಿ ಎಂದು ಹೇಳಿ ತಮಾಗೋಚಿ ಬೆಲೆ ಕೇಳಿದರೆ ಮಾತ್ರ ಹಿಂಬದಿ ನೋಡಿ: ಬಂಡೈ ಹೆಸರು ಪ್ಲಾಸ್ಟಿಕ್‌ನಲ್ಲೇ ಅಚ್ಚಾಗಿರಬೇಕು, ಅಂಟಿಸಿದ ಚೀಟಿಯಾಗಿ ಅಲ್ಲ. ಮುಂದಿನ ಪರದೆಯಲ್ಲಿ ಮೇಲೆ ನಾಲ್ಕು, ಕೆಳಗೆ ನಾಲ್ಕು ಚಿಹ್ನೆ, ನಡುವೆ ಅಡ್ಡ 32, ಉದ್ದ 16 ಚುಕ್ಕಿ. ಪಿ1 ಅಂದರೆ ಇಷ್ಟೇ, ಇದಕ್ಕಿಂತ ಹೆಚ್ಚು ಚುಕ್ಕಿ ಇದ್ದರೂ ಅನುಮಾನ ಪಡಿ.

ಬಿಲ್‌ಗಾಗಿ ಮತ್ತೆ ಶುರು ಮಾಡುವ ಮುನ್ನ ಲೆಕ್ಕಗಳು ಒಳಗೆ ಹೇಗೆ ಓಡುತ್ತವೆ ಎಂದು ಕಣ್ಣಾರೆ ನೋಡಬೇಕೆಂದಿದ್ದರೆ ತಮಾಲಿಬ್ ಎಂಬ ತೆರೆದ ಮೂಲದ ಎಮ್ಯುಲೇಟರ್ ಇದೆ, ಅದೇ ಎಪ್ಸನ್ ಚಿಪ್ ಅನ್ನು ಕಂಪ್ಯೂಟರಿನಲ್ಲಿ ಅನುಕರಿಸುತ್ತದೆ. ಅದರ ಮೇಲೆ ಕಟ್ಟಿದ ತಮಾಟೂಲ್‌ನಲ್ಲಿ ವೇಗ ಹೆಚ್ಚಿಸಬಹುದು, ಸ್ಥಿತಿಯನ್ನು ಉಳಿಸಿಡಬಹುದು, ಮೆಮೊರಿಯ ಅಂಕಿಗಳನ್ನು ನೇರ ನೋಡಬಹುದು. ಮಾರುಚ್ಚಿ ಘಟ್ಟದಲ್ಲಿ ಸ್ಥಿತಿ ಉಳಿಸಿ, ಒಮ್ಮೆ ಗದರಿ, ಒಮ್ಮೆ ಗದರದೆ ಬೆಳೆಸಿ ಹೋಲಿಸಿ. ಆಟದ ಪ್ರೋಗ್ರಾಂ ಇರುವ ರೋಮ್ (ROM) ಫೈಲ್ ಅದರ ಜತೆ ಬರುವುದಿಲ್ಲ, ಅದರ ಹಕ್ಕು ಬಂಡೈಯದು.

———

ಬೆಸುಗೆಕಡ್ಡಿ:

ಒಂದು ಸೇರಿಸುತ್ತೇನೆ. ವಿ3 ಇನ್‌ಫ್ರಾರೆಡ್‌ನಲ್ಲಿ ಇನ್ನೊಂದರ ಜತೆ ಸೇರದಿದ್ದರೆ ಪ್ರದೇಶದ ತಡೆ ಎಂದು ತಕ್ಷಣ ತೀರ್ಮಾನಿಸಬೇಡಿ. ಎರಡೂ ಯಂತ್ರದ ತಲೆಯ ಕಪ್ಪು ಕಿಟಕಿಗಳನ್ನು ಒರೆಸಿ, ಎದುರುಬದುರಾಗಿ ಕೆಲವು ಸೆಂಟಿಮೀಟರ್ ದೂರದಲ್ಲಿ ಇಟ್ಟು, ನೆರಳಿನಲ್ಲಿ ಪ್ರಯತ್ನಿಸಿ. ನೇರ ಬಿಸಿಲು ಸಂಕೇತವನ್ನು ಮುಚ್ಚಿಹಾಕುತ್ತದೆ. ಬ್ಯಾಟರಿ ಸೊರಗಿದ್ದರೂ ಇನ್‌ಫ್ರಾರೆಡ್ ಮೊದಲು ಕೈಕೊಡುತ್ತದೆ, ಪರದೆ ಆಮೇಲೆ. ಕಳುಹಿಸುವ ಕಡೆ ಬೆಳಕು ಬರುತ್ತಿದೆಯೇ ನೋಡಲು ಫೋನಿನ ಮುಂಬದಿ ಕ್ಯಾಮೆರಾ ಅದರತ್ತ ಹಿಡಿಯಿರಿ. ಹಲವು ಫೋನ್‌ಗಳಲ್ಲಿ ಅದು ನಸುನೇರಳೆ ಮಿಣುಕಾಗಿ ಕಾಣುತ್ತದೆ. ಹಿಂಬದಿ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಇನ್‌ಫ್ರಾರೆಡ್ ತಡೆಯುವ ಶೋಧಕ ಗಟ್ಟಿ ಇರುತ್ತದೆ. ಮಿಣುಕು ಕಂಡೂ ಸೇರದಿದ್ದರೆ ಆಗ ಎರಡರ ಆವೃತ್ತಿ ಸಂಖ್ಯೆ ಹೋಲಿಸಿ.